ಎತ್ತು ಕೊಳ್ಳುವ ಸಲುವಾಗಿ ಒಂದು ದಿನದ ರಜೆ

ಮರಿಮಗಳು ಇಂಗ್ಲಿಷ್ ಪುಸ್ತಕ ಹಿಡಿದು "ಇನ್ ಆರ್ಡರ್ ಟು, ಸೋ ದಟ್" ಅಂತ ಉರು ಹೊಡೆಯುತ್ತಿದ್ದಳು. ನಾನು ಭದ್ರಾವತಿಯ ಕಾರ್ಮಿಕರ ಲೈನ್ ಮನೆಗೆ, ಅಪ್ಪನ ಅಂಗಿಯ ಕಬ್ಬಿಣದ ವಾಸನೆಗೆ ಹೋಗಿಬಿಟ್ಟೆ.

ಅಪ್ಪನ ಕಾರ್ಖಾನೆಯಲ್ಲಿ ರಜೆಯ ಅರ್ಜಿ ಇಂಗ್ಲಿಷಿನಲ್ಲೇ ಇರಬೇಕಿತ್ತು. ಮಿಡ್ಲ್ ಸ್ಕೂಲಿನ ನಾನೇ ಇಡೀ ಲೈನಿಗೆ ಬರೆದುಕೊಡುತ್ತಿದ್ದೆ. ಅರ್ಜಿಗೊಂದು ಹಿಡಿ ಹುರಿಗಡಲೆ. ಅಪ್ಪನಿಗೆ ಮಾತ್ರ ಪುಕ್ಕಟೆ.

ಅಕ್ಕನಿಗೆ ಗಂಡು ನೋಡಲು ಅಪ್ಪ ಬುಧವಾರವೇ ಆಯನೂರಿಗೆ ಹೋಗಬೇಕಿತ್ತು. ತಪ್ಪಿದರೆ ಆ ಹುಡುಗನ ಮನೆಯವರು ಬೇರೆ ಹೆಣ್ಣು ನೋಡಲು ಹೊರಡುವವರಿದ್ದರು.

"ಇನ್ ಆರ್ಡರ್ ಟು" ಎಂದು ಬರೆದು ನಿಲ್ಲಿಸಿದೆ. "ಅಪ್ಪ, ಇದರ ಮುಂದೆ ಯಾತಕ್ಕೆ ಅಂತ ಹೇಳಬೇಕು. ಗಂಡು ನೋಡೋಕೆ ಅಂತ ಬರೀಲಾ?"

ಅಮ್ಮ ಒಲೆ ಬಿಟ್ಟು ಓಡಿಬಂದಳು. "ಸುಮ್ನಿರೇ ಮಾರಾಯ್ತಿ! ಕುದುರೋ ಮೊದಲೇ ಊರಿಗೆಲ್ಲ ಹೇಳಿದ್ರೆ ಸಂಬಂಧ ಮುರಿದುಹೋಗುತ್ತೆ."

"ಹಾಗಾದ್ರೆ ಅದನ್ನ ಬಿಟ್ಟುಬಿಡು," ಎಂದ ಅಪ್ಪ.

"ಯಾತಕ್ಕೆ ಅಂತ ಇಲ್ದಿದ್ರೆ ಸಾಹೇಬರು ಸಹಿ ಹಾಕಲ್ಲಪ್ಪ."

ಮೂವರೂ ಯೋಚಿಸಿದೆವು. ಕೊನೆಗೆ, ಒಂದು ಜೋಡಿ ಎತ್ತು ಕೊಳ್ಳುವ ಸಲುವಾಗಿ ಎಂದು ಬರೆದೆ. ರಜೆ ಸಿಕ್ಕಿತು, ಸಂಬಂಧವೂ ಕುದುರಿತು.

ಮರುದಿನ ಸಾಹೇಬರು, "ಎತ್ತು ಹೇಗಿದೆಯಪ್ಪಾ?" ಎಂದು ಕೇಳಿದರಂತೆ. ಅಪ್ಪ ಸಂತೋಷದಲ್ಲಿ, "ತುಂಬಾ ಸಾಧು ಸ್ವಾಮಿ. ಲೋಯರ್ ಸೆಕೆಂಡರಿ ಪಾಸಾಗಿದೆ," ಎಂದುಬಿಟ್ಟಿದ್ದ. ಸಾಹೇಬರು ನಕ್ಕು ಮದುವೆಗೂ ನಾಲ್ಕು ದಿನ ರಜೆ ಕೊಟ್ಟರು.

ಅಕ್ಕ ಈಗ ಶಿವಮೊಗ್ಗದಲ್ಲಿ ನನ್ನ ಜೊತೆಗೇ ಇದ್ದಾಳೆ. ಇಷ್ಟನ್ನೂ ಅವಳಿಗೆ ಓದಿ ಹೇಳಿ, ಸುಳ್ಳು ಬರೆದಿದ್ದೆ ನೋಡು ಎಂದೆ.

"ಸುಳ್ಳೆಲ್ಲಿ ಬಂತು? ಜೋಡಿ ಸರಿಯಾಗೇ ಇತ್ತು ಕಣೇ," ಎಂದಳು. "ಇನ್ನೊಂದು ನಾನೇ."