ಉಳಿವೆಪ್ಪನ ಹಾಜರಿ ಪುಸ್ತಕ

ಧಾರವಾಡದಲ್ಲಿ ಓದುವ ಉಳಿವೆಪ್ಪನೆಂದರೆ, ೧೯೫೮ರಲ್ಲಿ ಮಂದಿ ಕೂಡಿಸುವ ಮೊದಲೇ ಸಂಘದ ರಬ್ಬರ್ ಶಿಕ್ಕಾ ಮಾಡಿಸಿಟ್ಟುಕೊಂಡ ಆಸಾಮಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿಯ ಬಸ್ಸೇ ಬರಲಿ, ಇಳಿದ ಹೊಸ ಹುಡುಗನ ಟ್ರಂಕು ಕಸಿದು ಹೆಗಲಿಗೇರಿಸಿ, 'ನಡೀರಿ, ನೀವು ನಮ್ಮ ನಾಲ್ಕು ತಾಲೂಕಿನ ಗೆಳೆಯರ ಸಂಘದ ಮೆಂಬರು' ಎಂದು ಹೊರಟೇಬಿಡುತ್ತಾನೆ. ಊರಿಂದ ಬಂದ ರೊಟ್ಟಿ ಬುತ್ತಿಯನ್ನು ಯಾರೂ ಒಬ್ಬರೇ ಬಿಚ್ಚಬಾರದೆಂಬುದು ಅವನ ಮೊದಲನೇ ಠರಾವು. ಶೇಂಗಾ ಚಟ್ನಿ ಮುಗಿಯುವತನಕ ಸಭೆ ಮುಗಿಯಬಾರದೆಂಬುದು ಎರಡನೆಯದು. ಐದು ಮಂದಿ ಇಲ್ಲದಿದ್ದರೆ ಸಂಘಕ್ಕೆ ಕಾಲೇಜಿನ ಮಾನ್ಯತೆ ಇರಲಿಲ್ಲ; ಮೊದಲಿಗೆ ಇದ್ದದ್ದೂ ಐವರೇ. ಐದನೆಯವನಾದ ಅಬಲೂರಿನ ಯಲ್ಲಪ್ಪ, ಅಪ್ಪ ತೀರಿಕೊಂಡದ್ದರಿಂದ ಓದು ಬಿಟ್ಟು ಹೊಲಕ್ಕೆ ಹೋದ ವಾರ, ಉಳಿವೆಪ್ಪ ಅವನ ಹೆಸರು ಕೂಗಿ, ತಾನೇ 'ಹಾಜರ್ ಅದಾನ್ರಿ' ಎಂದು ಬರೆದುಕೊಂಡ. ಈಗ ಮೂವತ್ತು ಮಂದಿಯಾಗಿದ್ದಾರೆ; ಆದರೂ ಕೂಗುತ್ತಾನೆ. 'ಇನ್ನೂ ಯಾಕ್ರಿ ಅವನ ಹೆಸರು?' ಎಂದು ಸವಣೂರಿನ ನಿಯಾಜ ನಕ್ಕರೆ, ಉಳಿವೆಪ್ಪ ಕಿಸೆಯಿಂದ ಒಂದು ಟಪಾಲು ಕಾರ್ಡು ತೆಗೆದು ಕೈಗಿಡುತ್ತಾನೆ. ಪ್ರತಿ ಸಭೆಯ ಠರಾವು ಟಪಾಲಿನಲ್ಲಿ ಅಬಲೂರಿಗೆ ಹೋಗುತ್ತದೆ, ಅಲ್ಲಿಂದ ಉತ್ತರ ತಪ್ಪುವುದಿಲ್ಲ: 'ಹತ್ತಿ ಬಿಡಸಾಕತ್ತೇನಿ. ಠರಾವಿಗೆ ನಂದೂ ಒಪ್ಪಿಗಿ ಐತಿ. ನನ್ನ ಪಾಲಿನ ರೊಟ್ಟಿ ಯಾರ ತಿಂದ್ರಿ?'