ಚಾಲ್ತಿಯಲ್ಲಿಲ್ಲದ ಸಾಲು

ಚಾದರ ಮಡಚಿದೆ. ಬುತ್ತಿ ಡಬ್ಬಿ ತೊಳೆದೆ. ಯಜಮಾನರ ಗಡ್ಡಕ್ಕೆ ಬಿಸಿನೀರು ತಂದುಕೊಟ್ಟೆ. ಉಳಿದ ಬ್ರೆಡ್ಡನ್ನು ಪಕ್ಕದ ಮಂಚದ, ಇಂಡಿ ಊರಿನ ಅಜ್ಜನಿಗೆ ಕೊಟ್ಟೆ. ಬಸವನ ಬಾಗೇವಾಡಿಯ ಬಸ್ಸು ಎಷ್ಟಕ್ಕೆಂದು ಕೇಳಿಕೊಂಡು ಬಂದೆ. ಆಮೇಲೆ ಆಸ್ಪತ್ರೆಯ ಬಿಡುಗಡೆ ಕಾಗದಕ್ಕೆ ಸರದಿಯಲ್ಲಿ ನಿಂತೆ.

ಆರು ವರ್ಷದ ಹಿಂದೆ ನನ್ನದೊಂದು ಕಿಡ್ನಿ ತೆಗೆದು ಇವರಿಗೆ ಹಾಕಿದ್ದರು. ಇನ್ನೊಬ್ಬರ ಅಂಗವನ್ನು ಮೈ ಒಲ್ಲೆ ಅನ್ನಬಾರದು, ಅದಕ್ಕೆ ಮೈಯ ಕಾವಲನ್ನೇ ತಗ್ಗಿಸುವ ಗುಳಿಗೆ. ಮುಂಜಾನೆ ಎಂಟಕ್ಕೊಮ್ಮೆ, ಸಂಜೆ ಎಂಟಕ್ಕೊಮ್ಮೆ, ಜೀವ ಇರುವ ತನಕ ಎಂದು ಡಾಕ್ಟರು ಹೇಳಿದ್ದರು. ನಮ್ಮ ಕಡೆ 'ಔಷಧ ತಗೊಂಡ' ಅಂದರೆ ಬೆಳೆಗೆ ಹೊಡೆಯುವ ವಿಷ ಕುಡಿದ ಅಂತಲೇ ತಿಳಿಯುತ್ತಾರೆ. ಸಿಂದಗಿಯ ನಾದಿನಿ ಒಮ್ಮೆ ಹಾಗೇ ತಿಳಿದು ಅಳುತ್ತ ಬಸ್ಸು ಹತ್ತಿ ಬಂದಿದ್ದಳು. "ಸಾಯಾಕಲ್ಲವ್ವಾ, ಬದುಕಾಕ ತಗೋತೇನಿ" ಎಂದು ಇವರು ಅವಳನ್ನು ನಗಿಸಿ ಕಳಿಸಿದ್ದರು.

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಆ ಕಾಗದದ ಒಂದು ಸಾಲಿನ ಗುರುತು ಚೆನ್ನಾಗಿತ್ತು. ಝಡ್ ಅಕ್ಷರದಿಂದ ಶುರುವಾಗುವ ಕೋಡು, ಪಕ್ಕದಲ್ಲಿ ಬಾಯಿ ತಿರುಗದಷ್ಟು ಉದ್ದದ ಶಬ್ದ. ಈ ಗುಳಿಗೆ ಬಹುಕಾಲದಿಂದ ನಡೆದಿದೆ ಎಂಬುದಕ್ಕೆ ಅದೇ ಗುರುತು. ಅದಿದ್ದರೇನೆ ಕೌಂಟರಿನವರು ಮೂರು ತಿಂಗಳ ಗುಳಿಗೆ ಕೊಡುತ್ತಿದ್ದರು. ಈ ಸಲ ಎರಡು ಬಾರಿ ಬೆರಳಿಟ್ಟು ಹುಡುಕಿದೆ, ಸಾಲು ಇರಲಿಲ್ಲ.

ದಾಖಲೆಯ ಕೋಣೆಗೆ ಹೋದೆ. ಅಲ್ಲಿ ಕೋಡು ಹಾಕುವ ಹುಡುಗಿ ನಾಲತವಾಡದವಳು. ಕೆಲಸದಾಗ ಲಕ್ಷ್ಯ ಬೇಡೇನು, ಒಂದು ಹೊತ್ತು ಗುಳಿಗೆ ತಪ್ಪಿದರೂ ಕಿಡ್ನಿಗೆ ಕುತ್ತು ಎಂದು ಗದರಿಯೇಬಿಟ್ಟೆ. ಅವಳು ಎದುರಾಡಲಿಲ್ಲ. ಫೈಲು ತಿರುವುತ್ತ ಹೋಗಿ ಒಂದು ಹಾಳೆಗೆ ನಿಂತಳು.

"ಅಕ್ಕಾರ, ಆ ಕೋಡ್ ಗುಳಿಗಿ ಚಾಲ್ತಿ ಇದ್ರಷ್ಟ ಹಾಕೂದ್ರಿ."

"ಚಾಲ್ತಿ ಐತೆಲ್ಲವ್ವಾ. ಆರು ವರ್ಷದಿಂದ ಐತಿ."

"ಡಾಕ್ಟರ್ ಬಂದ್ ಮಾಡ್ಯಾರ್ರಿ. ನಿಮ್ಮ ಯಜಮಾನ್ರು ನಿಮಗ ಹೇಳಿಲ್ಲೇನ್ರಿ?"

ಚಾಲ್ತಿ. ಪಹಣಿಯಲ್ಲಿ, ರೇಷನ್ ಕಾರ್ಡಿನಲ್ಲಿ ಎಷ್ಟೋ ಸಲ ಓದಿದ ಶಬ್ದ. ಕಾಯಬೇಕಾದ ಕಿಡ್ನಿಯೇ ಹೋದ ಮೇಲೆ ಕಾಯುವ ಗುಳಿಗೆ ಯಾಕೆ? ಈ ವಾರ ಎರಡು ಸಲ ಡಯಾಲಿಸಿಸ್ ಆಗಿತ್ತು. ಸದ್ಯಕ್ಕಷ್ಟೇ ಅಂತ ಡಾಕ್ಟರು ಹೇಳಿದ್ದಾರೆಂದು ಇವರೇ ನನಗೆ ಹೇಳಿದ್ದರು. ಹುಡುಗಿ ಸ್ಟೂಲು ಎಳೆದು ಕೂರಿಸಿದಳು. ಬೈದದ್ದಕ್ಕೆ ಬೇಜಾರಾಗಬೇಡವ್ವಾ ಎಂದು ಹೇಳಿ ಎದ್ದೆ.

ವಾರ್ಡಿನಲ್ಲಿ ಇವರು ಚೀಲದ ಬಾಯಿ ಕಟ್ಟುತ್ತಿದ್ದರು. ನನ್ನ ಮುಖ ನೋಡಿ ಕಟ್ಟುವುದನ್ನು ನಿಲ್ಲಿಸಿದರು.

"ನನಗ್ಯಾಕ ಹೇಳಲಿಲ್ರಿ?"

"ನೀ ಕೊಟ್ಟದ್ದು ಅದು. ಉಳಿಸ್ಕೊಳ್ಳಾಕ ಆಗ್ಲಿಲ್ಲ ಅಂತ ನಿನಗ ಹೆಂಗ ಹೇಳ್ಲಿ?"

ಚೀಲದ ಬಾಯಿ ನಾನೇ ಕಟ್ಟಿದೆ. ಬಸ್ಸಿನಲ್ಲಿ ನನ್ನ ಕೈ ಹೊಟ್ಟೆಯ ಎಡಬದಿಗೇ ಹೋಗುತ್ತಿತ್ತು, ಅಲ್ಲಿ ಗಾಯ ಮಾಯ್ದು ಎಷ್ಟೋ ಕಾಲವಾಗಿದ್ದರೂ. ಇವರು ಅದನ್ನು ಕಂಡು, ಆ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಊರು ಬರುವವರೆಗೂ ಬಿಡಲಿಲ್ಲ.

ಮನೆಯಲ್ಲಿ ಜೋಳದ ನುಚ್ಚು ಕುದಿಸಿದೆ, ಉಪ್ಪು ಕಡಿಮೆ ಹಾಕಿ ಹೀರೇಕಾಯಿ ಪಲ್ಯ ಮಾಡಿದೆ. ಇವರು ಅರ್ಧ ಉಂಡರು, ಉಳಿದದ್ದನ್ನು ಅದೇ ಗಂಗಾಳದಲ್ಲಿ ನಾನು ಉಂಡೆ. ಸಂಜೆ ಎಂಟಾಯಿತು, ಗುಳಿಗೆ ಕೊಡುವುದಿರಲಿಲ್ಲ. ಇವರು ನನಗಿಂತ ಮೊದಲೇ ಮಲಗಿದರು.