ವಲ್ಲಿಗೆ ಬಗ್ಗದ ಟಿಕೆಟ್

ನಿಜಾಮರ ಕಾಲದಲ್ಲಿ ನಮ್ಮ ಮಸ್ಕಿಯವರು ರೈಲು ನೋಡಬೇಕೆಂದರೆ ರಾಯಚೂರಿಗೇ ಹೋಗಬೇಕು. ಹೀಗಾಗಿ ಟಿಕೆಟ್ಟಿನ ದರದ ಬಗ್ಗೆ ಊರಲ್ಲಿ ಅಧಿಕಾರದಿಂದ ಮಾತಾಡುವವರೆಲ್ಲ ರೈಲು ಹತ್ತದವರು. ಅವರಲ್ಲಿ ಮುಂದಾಳು ನನ್ನ ಸೋದರಮಾವ, ದನದ ಸಂತೆಯ ದಲ್ಲಾಳಿ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೆ ಹೊದಿಸಿ, ಒಳಗೊಳಗೇ ಬೆರಳು ಅದುಮಿ ಎತ್ತಿನ ಬೆಲೆ ಇಳಿಸುವುದರಲ್ಲಿ ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ತನ್ನ ಸಮ ಯಾರೂ ಇಲ್ಲವೆಂದು ಅವನೇ ಹೇಳುತ್ತಿದ್ದ.

ನನಗೆ ಕಲಬುರ್ಗಿಯ ಒಂದು ಕಚೇರಿಯಿಂದ ಶಾಲೆ ಮಾಸ್ತರಿಕೆಗೆ ಕರೆ ಬಂತು. ಹೇಳಿದ ದಿನ ಹಾಜರಾಗದಿದ್ದರೆ ಜಾಗ ಬೇರೆಯವರಿಗೆ. ಅಪ್ಪ ಇಲ್ಲದ ಮನೆ. ಅವ್ವ ಆಗಲೇ ಆ ನೌಕರಿಯ ಮೇಲೆ ಮನಸ್ಸಿನಲ್ಲೇ ತಂಗಿಯ ಮದುವೆ ಮಾಡಿ ಮುಗಿಸಿದ್ದಳು.

"ಇವಗ ಯಾಪಾರ ತಿಳಿಯಂಗಿಲ್ಲ, ಸುಲೀತಾರ" ಎಂದು ಮಾವ ಜೊತೆಗೆ ಹೊರಟ.

ಹಿಂದಿನ ದಿನವೇ ರಾಯಚೂರು ಸ್ಟೇಷನ್ನಿಗೆ ಬಂದೆವು. ಟಿಕೆಟ್ ಕಿಟಕಿಯೊಳಗಿನ ಬಾಬು ದರ ಹೇಳಿದ. ಮಾವ ನಕ್ಕು, ವಲ್ಲಿ ಹೊದಿಸಿದ ಕೈಯನ್ನು ಒಳಗೆ ತೂರಿಸಿದ.

"ಇದೇನ್ರೀ?" ಬಾಬು ಹೌಹಾರಿದ.

"ಕೈ ಹಿಡೀರಿ. ನಾಕ್ ಮಂದಿ ಮುಂದ ರೇಟು ಯಾಕ ಒದರೂದು?"

ಬಾಬು ಸಭ್ಯ ಮನುಷ್ಯ. ಗೋಡೆಯ ಹಲಗೆ ತೋರಿಸಿದ. "ಇಷ್ಟು ಮೈಲಿಗೆ ಇಷ್ಟು ಅಂತ ಮ್ಯಾಲಿನವರು ಗೊತ್ತು ಮಾಡ್ಯಾರ. ನಮ್ಮಪ್ಪ ಬಂದ್ರೂ ಅಷ್ಟ."

"ಗಾಡಿ ಹ್ಯಾಂಗೂ ಕಲಬುರ್ಗಿಗೆ ಹೊಂಟೈತಿ. ನಾವು ಕುಂತ್ರ ಅದಕ್ಕ ಹೆಚ್ಚಿನ ಮೇವು ಬೇಕೇನ್ರೀ?"

"ನಾಳೆ ನೌಕರಿಗೆ ಹಾಜರಾಗಬೇಕ್ರಿ" ಎಂದೆ ನಾನು, ಬಾಬುವಿಗೆ. ಮಾವ ನನ್ನ ಕಾಲು ತುಳಿದ. ಅವಸರ ತೋರಿಸಿದರೆ ಬೆಲೆ ಏರುತ್ತದೆ.

ಆಮೇಲೆ ಕೊನೆಯ ಅಸ್ತ್ರ ತೆಗೆದ. ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು, ನನ್ನ ರಟ್ಟೆ ಹಿಡಿದು ಬೆನ್ನು ತಿರುಗಿಸಿ ನಡೆದ. "ಹಿಂದ ನೋಡಬ್ಯಾಡ ಅಳಿಯಾ. ಕರೀತಾನ."

ಸಂತೆಯಲ್ಲಿ ಹತ್ತು ಹೆಜ್ಜೆಗೆ ಕರೆಯುತ್ತಾರೆ. ನಾವು ಹೊರಗಿನ ಬೇವಿನ ಮರದವರೆಗೆ ಹೋಗಿ ನಿಂತೆವು. ಗಂಟೆ ಬಡಿಯಿತು, ಸಿಳ್ಳೆ ಕೇಳಿತು, ರೈಲು ಹೋಯಿತು. ಯಾರೂ ಕರೆಯಲಿಲ್ಲ.

"ಭಾಳ ಬಿಗಿ ಅದಾನ," ಎಂದ ಮಾವ. ನನಗೆ ಅಳುವೇ ಬಂತು.

ಮರುದಿನದ ರೈಲಿಗೆ ಹೇಳಿದಷ್ಟು ಕೊಟ್ಟು, ಕಚೇರಿ ಮುಟ್ಟುವಷ್ಟರಲ್ಲಿ ಸಂಜೆ. ಬಾಗಿಲಲ್ಲಿದ್ದ ಜವಾನ, "ಜಾಗ ತುಂಬೈತಿ" ಎಂದ. ಆಮೇಲೆ ಮಾವನ ಹೆಗಲ ಕಡೆ ನೋಡಿ ದನಿ ತಗ್ಗಿಸಿದ. "ಆದ್ರೂ ಸಾಹೇಬರು ಮನಸ್ಸು ಮಾಡಿದ್ರ..."

ಮಾವನ ಮುಖ ಅರಳಿತು. ವಲ್ಲಿ ಇಳಿಯಿತು. ಜವಾನನ ಕೈ ಏನೂ ಕೇಳದೆ ಅದರೊಳಗೆ ಹೋಯಿತು. ಐದು ಬೆರಳಿನಿಂದ ಶುರುವಾದದ್ದು ಮೂರಕ್ಕೆ ನಿಂತಿತು, ಅಂದರೆ ನನ್ನ ಮೊದಲ ಮೂರು ತಿಂಗಳ ಪಗಾರ. ಒಳಗಿನಿಂದ ಸಾಹೇಬರು ಕೆಮ್ಮಿದರು. ನಾನು ಮಾಸ್ತರನಾದೆ. ತುಂಬಿದ್ದ ಜಾಗದಲ್ಲಿ ಯಾರಿದ್ದರೋ, ನಾನು ಕೇಳಲಿಲ್ಲ.

ಊರಿಂದ ಸಾಮಾನು ಒಯ್ಯಲೆಂದು ತಿರುಗಿ ಬಂದು ರಾಯಚೂರಿನಲ್ಲಿ ಇಳಿದಾಗ ಅದೇ ಬಾಬು ಬಾಗಿಲಲ್ಲಿ ಟಿಕೆಟ್ ಇಸಿದುಕೊಳ್ಳುತ್ತಿದ್ದ. ನನ್ನ ಗುರುತು ಹಿಡಿದ. "ನೌಕರಿ ಸಿಕ್ತೇನ್ರೀ? ರೈಲು ತಪ್ಪಿಸಿಕೊಂಡ್ರಿ, ನನಗ ಕೆಟ್ಟ ಅನಸ್ತು."

"ಸಿಗದ ಏನು?" ಎಂದ ಮಾವ. "ಅಲ್ಲಿ ಮಂದಿ ತಿಳಿದವರು. ವಲ್ಲಿಯೊಳಗ ಕೈ ಹಾಕಿದ್ರು."

ಬಾಬು ನನ್ನ ಕಡೆ ನೋಡಿದ. ನಾನು ಟಿಕೆಟ್ ಅವನ ಕೈಗಿಟ್ಟು, ತಲೆ ತಗ್ಗಿಸಿ ಹೊರಗೆ ನಡೆದೆ.